ರಾತ್ರಿ ಸೀನು, ಗೋಡೆಯ ಮೇಲೆ ಐದೂವರೆ

ಸಿನಿಮಾದ ತಪ್ಪು ಹುಡುಕುವುದರಲ್ಲಿ ನಮ್ಮ ಇಡೀ ಭೋಜ ಊರಿನಲ್ಲಿ ನನ್ನಷ್ಟು ಹುಷಾರಿ ಇನ್ನೊಬ್ಬಳಿರಲಿಲ್ಲ. ಬೇರೆ ಯಾರಿಗೂ ಅದರ ಜರೂರು ಇರಲಿಲ್ಲ ಅನ್ನುವುದು ಬೇರೆ ಮಾತು. ಕನ್ನಡ ಸಿನಿಮಾ ಬಂದರೆ ಚಿಕ್ಕೋಡಿಗೆ ಓಡುತ್ತಿದ್ದೆ, ಹಿಂದಿ ಮರಾಠಿ ಬಂದರೆ ಇಚಲಕರಂಜಿಗೆ. ನಿಪ್ಪಾಣಿಗೆ ಹೋಗಲು ಸಿನಿಮಾದ ನೆಪವೂ ಬೇಕಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ನನ್ನ ಪೇಜು ತೆರೆದು ಕೂತರೆ ಮುಗಿಯಿತು. ಹೊಡೆದಾಟ ಶುರುವಾದಾಗ ನಾಯಕನ ಎಡಗೈಯಲ್ಲಿದ್ದ ವಾಚು ಮುಗಿಯುವಷ್ಟರಲ್ಲಿ ಬಲಗೈಗೆ ಹೋಗಿರುತ್ತದಲ್ಲ, ಅಂಥವು ನನ್ನ ಮಾಲು. ಟ್ರೇಲರಿನಿಂದ ಚಿತ್ರ ಹಿಡಿದು, ತಪ್ಪಿನ ಸುತ್ತ ಕೆಂಪು ಗೆರೆ ಎಳೆದು, ಕೆಳಗೊಂದು ಕುಹಕದ ಸಾಲು ಬರೆದು ಬಿಡುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿತ್ತು. ನಾನು ಇದನ್ನು ಚಿತ್ರರಂಗದ ಸೇವೆ ಅಂದುಕೊಂಡಿದ್ದೆ.

ಒಮ್ಮೆ ಹೀಗೆ ಗೆರೆ ಎಳೆದಾಗ ಆ ಸಿನಿಮಾದ ಸಹಾಯಕ ನಿರ್ದೇಶಕನೇ ಕೆಳಗೆ ಬಂದು ಬರೆದ: "ತಪ್ಪು ಹುಡುಕೋದು ಸುಲಭ ಮೇಡಂ. ತಪ್ಪಿಲ್ಲದ ಹತ್ತು ನಿಮಿಷದ ಸಿನಿಮಾ ನೀವೊಂದು ಮಾಡಿ ತೋರಿಸಿ, ಆಮೇಲೆ ಮಾತಾಡೋಣ." ನನ್ನ ಪೇಜಿನ ಮಂದಿಯೇ ಅವನಿಗೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉರಿಯ ಕೆಳಗೆ ಆಸೆಯೂ ಇತ್ತು. ಹತ್ತನೇ ಇಯತ್ತೆಯಿಂದ ಸಿನಿಮಾ ಮಾಡಬೇಕು ಅನ್ನುವುದನ್ನು ಯಾರಿಗೂ ಹೇಳದೆ ಇಟ್ಟುಕೊಂಡವಳು ನಾನು. ಈಗ ಹೇಳಲಿಕ್ಕೆ ಒಂದು ಜಗಳ ಸಿಕ್ಕಿತು. "ಮಾಡಿ ತೋರಿಸ್ತೀನಿ. ಒಂದು ತಪ್ಪು ಸಿಕ್ಕರೂ ಪೇಜ್ ಬಂದ್" ಎಂದು ಎಲ್ಲರೆದುರು ಬರೆದುಬಿಟ್ಟೆ.

ಅಷ್ಟು ಸಿನಿಮಾ ನೋಡಿದವಳಿಗೆ ಕಥೆಗೇನು ಬರ? ರಾತ್ರಿ. ಮುಚ್ಚಿಟ್ಟ ತಾಟು. ಗಂಡನಿಗಾಗಿ ಹಸಿದು ಕಾಯುವ ಮುದುಕಿ. ಕಡೆಗೆ ಅವನು ಬರುತ್ತಾನೆ, ಬಾಗಿಲಾಚೆಯಿಂದಲೇ "ನಾ ಹೊರಗ ಉಂಡ ಬಂದೇನಿ" ಅನ್ನುತ್ತಾನೆ. ಅವಳು ಒಬ್ಬಳೇ ತಾಟು ಎಳೆದುಕೊಂಡು ತುತ್ತು ಮುರಿಯುತ್ತಾಳೆ. ಬರೆದು ಮುಗಿಸಿ ನಾನೇ ಅತ್ತೆ.

ಮುದುಕಿಯ ಪಾತ್ರಕ್ಕೆ ಮನೆಯಲ್ಲೇ ಆಯಿ ಇದ್ದಳು. ಆಯಿ ಅಂದರೆ ನನ್ನ ಅಪ್ಪನ ಅವ್ವ. ಧಾರಾವಾಹಿಯ ಸೊಸೆ ಸುಳ್ಳು ಹೇಳಿದರೆ ಟೀವಿಯ ಎದುರೇ ನಿಂತು ಬೈಯುವವಳು, ಹೀಗಾಗಿ ನಟನೆ ಬಲ್ಲಳು ಅಂದುಕೊಂಡೆ. ಕಥೆ ಪೂರ್ತಿ ಕೇಳಿ ಆಕೆ ಕೇಳಿದ್ದು ಒಂದೇ.

"ಆಕಿ ಯಾಕ ಹಸಗೊಂಡ ಕುಂತಾಳ?"

"ಗಂಡ ಬಂದಿಲ್ಲಲ್ಲ ಆಯಿ."

"ಬರಲಿಲ್ಲಂದ್ರ ಏನಾತು? ಹೊತ್ತ ಮುಳುಗಾಕತ್ತಿದ್ರ ಉಂಡ ಏಳಬೇಕವಾ. ಗಂಡ ಕಾಯತಾನ, ಸೂರ್ಯಾ ಕಾಯಾಂಗಿಲ್ಲ."

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆಯಿಯಂತೂ ಹರೆಯದಲ್ಲೇ ಮುನಿಗಳೆದುರು ಕೈಮುಗಿದು ನೇಮ ತಗೊಂಡವಳು, ಕತ್ತಲಾದರೆ ನೀರನ್ನೂ ಮುಟ್ಟುವುದಿಲ್ಲ. ಅಜ್ಜ ತಂಬಾಕಿನ ಹೊಲದಿಂದ ತಡಮಾಡಿ ಬಂದರೆ ಉಪವಾಸ ಅಜ್ಜನದೇ. ಗಂಡನಿಗಾಗಿ ತಾಟು ಮುಚ್ಚಿಟ್ಟು ಕಾದ ಹೆಂಗಸು ನಮ್ಮ ಮನೆತನದಲ್ಲಿ ಒಬ್ಬಳೂ ಇರಲಿಲ್ಲ. ನಾನು ಅತ್ತದ್ದು ಯಾವುದೋ ಪರದೆಯ ಮೇಲಿನ ಮುದುಕಿಗಾಗಿ. ಇಚಲಕರಂಜಿಯಲ್ಲಿ ಇಂಟರ್ವಲ್ಲಿನಲ್ಲಿ ನಾನು ಏನೇನು ತಿಂದಿದ್ದೇನೆ ಅನ್ನುವ ವಿಚಾರ ಇಲ್ಲಿ ಬೇಡ.

ಕಥೆ ಬದಲಿಸುವ ಬುದ್ಧಿ ನನಗೆ ಬರಲಿಲ್ಲ. ಹಗಲನ್ನೇ ರಾತ್ರಿ ಮಾಡುವುದೆಂದು ಠರಾಯಿಸಿ ಅಡುಗೆಮನೆಯ ಕಿಟಕಿಗಳಿಗೆಲ್ಲ ಕೌದಿ ಕಟ್ಟಿದೆ. ಕ್ಯಾಮೆರಾಕ್ಕೆ ನಿಪ್ಪಾಣಿಯಲ್ಲಿ ಮದುವೆ ಶೂಟಿಂಗ್ ಮಾಡುವ ಅಣ್ಣನೊಬ್ಬನನ್ನು ಕರೆಸಿದೆ. ಅವನು ಬಂದವನೇ ಲೈಟು ಹಚ್ಚಿ, ತಾಟು ನೋಡಿ, ಬಣ್ಣ ಸಾಲದೆಂದು ತನ್ನ ಬುತ್ತಿಯೊಳಗಿನ ಉಳ್ಳಾಗಡ್ಡಿ ತೆಗೆದು ಜೋಳದ ಭಕ್ಕರಿಯ ಪಕ್ಕ ಚೆಂದಾಗಿ ಜೋಡಿಸಿಟ್ಟ. ಗಡ್ಡೆ ಮುಟ್ಟದ ನಮ್ಮ ಅಡುಗೆಮನೆ ಹುಟ್ಟಿದಾಗಿನಿಂದ ಉಳ್ಳಾಗಡ್ಡಿಯ ಮುಖ ಕಂಡದ್ದಲ್ಲ. ಆಯಿ ಬೈಯಲಿಲ್ಲ. ಎದ್ದು ಅದನ್ನು ಹೊರಗೆ ಚೆಲ್ಲಿಸಿ, ತಾಟು ತಿಕ್ಕಿ, ನೆಲ ಸಾರಿಸಿ, ತಲೆಗೆ ನೀರು ಹಾಕಿಕೊಂಡು ಬಂದು, ಹೊಸದಾಗಿ ಭಕ್ಕರಿ ಬಡಿಯಲಿಕ್ಕೆ ಕೂತಳು. ಬೆಳಿಗ್ಗೆ ಮುಗಿಯಬೇಕಿದ್ದ ಶಾಟು ಸಂಜೆಗೆ ಬಂತು.

ಎಲ್ಲ ತಯಾರಾಗಿ ಆಯಿ ತಾಟಿನ ಮುಂದೆ ಕೂತಳು. ಪಕ್ಕದ ಗೋಡೆಯ ಗಡಿಯಾರದಲ್ಲಿ ನಾನು ತಿರುಗಿಸಿಟ್ಟ ಒಂಬತ್ತೂವರೆ. ಆಕೆ ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದನ್ನ ನೋಡಿದಾವ್ರು ನಾ ರಾತ್ರಿ ಉಂಡೆ ಅಂತಾರ. ನಾಳೆ ಬಸದಿ ಕಟ್ಟಿ ಮ್ಯಾಲ ಯಾವ ಮಾರಿ ಹೊತ್ತ ಕುಂಡ್ರಲಿ? ಗಡಿಯಾರ ಖರೇ ಟೈಮಿಗೆ ಹಚ್ಚ."

"ಆಯಿ, ಅದು ರಾತ್ರಿ ಸೀನ್."

"ಸೀನ್ ನಿಂದು, ನೇಮ ನಂದು."

ಕ್ಯಾಮೆರಾದ ಅಣ್ಣ ನನ್ನ ಕಡೆ ನೋಡಿದ. ನಾನು ಸ್ಟೂಲು ಹತ್ತಿ ಮುಳ್ಳನ್ನು ಆಗಿನ ಖರೇ ಹೊತ್ತಿಗೆ, ಐದೂವರೆಗೆ, ತಂದೆ. ಇಷ್ಟು ಸುಲಭಕ್ಕೆ ಒಪ್ಪಿದ್ದು ಭಕ್ತಿಯಿಂದ ಅಲ್ಲ. ಇಂಥದ್ದೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಬದಲಾಗುತ್ತದೆ ಅಂತ ನನಗೆ ಗೊತ್ತಿತ್ತು, ಆಯಿಗೆ ಗೊತ್ತಿರಲಿಲ್ಲ.

ಶಾಟು ಶುರುವಾಯಿತು. ಬಾಗಿಲಾಚೆ ಗಂಡನ ಮಾತು ಕೇಳಿಸಿತು. ಆಯಿ ತುತ್ತು ಮುರಿದಳು, ಬಾಯಿಯ ಹತ್ತಿರ ತಂದಳು, ತಡೆದಳು. ಕತ್ತೆತ್ತಿ ಗಡಿಯಾರ ನೋಡಿದಳು. ಆಮೇಲೆ ಅವಸರದಿಂದ ತುತ್ತು ಬಾಯಿಗಿಟ್ಟುಕೊಂಡಳು. ನಾನು ಕಟ್ ಅನ್ನುವುದನ್ನೇ ಮರೆತು ನಿಂತಿದ್ದೆ.

ಎಡಿಟಿಂಗಿಗೆ ನಿಪ್ಪಾಣಿಯ ಅವನ ಸ್ಟುಡಿಯೋಕ್ಕೆ ಹೋದಾಗ ಅಣ್ಣ ಹೇಳಿದ, "ಅಕ್ಕಾರ, ಗಡಿಯಾರ ಏನ್ ದೊಡ್ಡ ಕೆಲಸ ಅಲ್ರಿ. ಒಂಬತ್ತೂವರಿ ಮಾಡಿ ಕೊಡ್ತೀನಿ." ಮಾಡಿಯೂ ತೋರಿಸಿದ. ಮುಳ್ಳು ಒಂಬತ್ತೂವರೆಗೆ ಹೋದದ್ದೇ ತಡ, ಆಯಿಯ ಆ ನೋಟದಲ್ಲಿ ಒಂದು ಜನ್ಮದ ಕಾಯುವಿಕೆ ಬಂದು ಕೂತಿತ್ತು. ದೊಡ್ಡ ದೊಡ್ಡ ನಾಯಕಿಯರು ಗ್ಲಿಸರಿನ್ ಹಾಕಿಕೊಂಡೂ ಕೊಡಲಾಗದ ನೋಟ. ಆ ಸಹಾಯಕ ನಿರ್ದೇಶಕ ಇದನ್ನು ನೋಡಿದರೆ ಸುಮ್ಮನಾಗುವುದೇನು, ಕರೆದು ಕೆಲಸ ಕೊಡುತ್ತಾನೆ ಅನ್ನಿಸಿತು.

"ಆಯಿಗೆ ಯಾರ ಹೇಳಾಕ ಹೊಂಟಾರ ಬಿಡ್ರಿ" ಅಂದ ಅಣ್ಣ.

ಅವನು ಹಾಗಂದದ್ದೇ ತಪ್ಪಾಯಿತು. ಆಯಿ ನೋಡಿದ್ದು ಗಂಡನ ದಾರಿಯನ್ನಲ್ಲ, ಕೌದಿ ಕಟ್ಟಿದ ಆ ಕತ್ತಲಲ್ಲಿ ಹೊರಗೆ ಹೊತ್ತು ಇನ್ನೂ ಇದೆಯೋ ಇಲ್ಲವೋ ಎಂದು. ಹೆದರಿ ನೋಡಿದ್ದಳು. ನಾನು ಇಟ್ಟ ಮುಳ್ಳನ್ನು ನಂಬಿ ತುತ್ತು ನುಂಗಿದ್ದಳು. ಈಗ ಅದೇ ತುತ್ತನ್ನು ರಾತ್ರಿಯದು ಮಾಡಿ ಊರಿಗೆ ತೋರಿಸಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಆದರೂ ಒಂಬತ್ತೂವರೆಯದನ್ನು ಇನ್ನೊಮ್ಮೆ ಹಾಕಿಸಿ ನೋಡಿದೆ. ಇಂಥ ಶಾಟು ಯಾವ ಹುಚ್ಚಿ ಕೈಬಿಡುತ್ತಾಳೆ?

"ಮೊದಲಿನಂಗ ಮಾಡ ಅಣ್ಣಾ. ಐದೂವರಿನ ಇರಲಿ."

"ಮಂದಿ ನಗತಾರ್ರಿ ಅಕ್ಕಾರ."

"ಗೊತ್ತೈತಿ. ನಗೂದು ಕಲಿಸಿದಾಕಿ ನಾನ."

ಸಿನಿಮಾ ಹಾಕಿದ ಮರುದಿನವೇ ಪೇಜಿನಲ್ಲಿ ಆ ಚಿತ್ರ ಬಂತು. ಸಹಾಯಕ ನಿರ್ದೇಶಕ ನನ್ನದೇ ಶೈಲಿಯಲ್ಲಿ, ಗಡಿಯಾರದ ಸುತ್ತ ದಪ್ಪಗೆ ಕೆಂಪು ಗೆರೆ ಎಳೆದಿದ್ದ. ಕೆಳಗೆ ಒಂದು ಸಾಲು: "ಹೊರಗೆ ಕಗ್ಗತ್ತಲು, ಒಳಗೆ ಐದೂವರೆ. ಮೇಡಂ, ಪೇಜ್ ಯಾವಾಗ ಬಂದ್?" ಮಂದಿ ಬಿದ್ದು ಬಿದ್ದು ನಕ್ಕಿತು. ಸಾಲು ಚೆನ್ನಾಗಿತ್ತು, ನಾನಾದರೂ ಅದನ್ನೇ ಬರೆಯುತ್ತಿದ್ದೆ. ಕಾರಣ ಹೇಳೋಣವೆಂದು ಎರಡು ಸಲ ಬರೆದು ಅಳಿಸಿದೆ. ಹೇಳಿದ್ದರೆ ಗಡಿಯಾರದ ಜೊತೆ ಆಯಿಯ ನೇಮಕ್ಕೂ ನಗುತ್ತಿದ್ದರು. ಆಡಿದ ಮಾತಿನಂತೆ ಪೇಜು ಬಂದ್ ಮಾಡಿ, ಬಾಗಿಲ ಹೊಸ್ತಿಲ ಮೇಲೆ ಕೂತು ಅತ್ತೆ. ಅಳಲಿಕ್ಕೆ ಯಾವ ಕಥೆಯೂ ಬೇಕಾಗಲಿಲ್ಲ.

ಸಂಜೆ ಊಟ ಮುಗಿಸಿ ಬಸದಿಗೆ ಹೊರಟ ಆಯಿ ಹೊಸ್ತಿಲಲ್ಲಿ ನಿಂತು, "ನನ್ನ ಪಿಚ್ಚರ್ ಬಂತೇನ?" ಅಂದಳು. ನಾನು ಫೋನು ಕೊಟ್ಟೆ. ಪರದೆಯ ಮೇಲೆ, ಪೇಜು ಮುಚ್ಚುವ ಮೊದಲು ಇಳಿಸಿಕೊಂಡಿದ್ದ ಅದೇ ಚಿತ್ರವಿತ್ತು. ಚಾಳೀಸು ಮೂಗಿಗೇರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಈ ಕೆಂಪ ಗೆರಿ ಯಾರ ಹಾಕ್ಯಾರ?"

"ಒಬ್ಬಾವ ಸಿನಿಮಾದಾವ, ಆಯಿ."

"ಶಾಣ್ಯಾ ಅದಾನ. ಗಡಿಯಾರ ಇಷ್ಟ ಸಣ್ಣದೈತಿ, ಯಾರಿಗೂ ಕಾಣಾಂಗಿಲ್ಲ ಅಂತ ನನಗ ಅದ ಚಿಂತಿ ಆಗಿತ್ತ ನೋಡ."

ಫೋನನ್ನು ಸೆರಗಿನಿಂದ ಒರೆಸಿ, ಗೆಳತಿಯರಿಗೆ ತೋರಿಸಲು ಅದನ್ನು ಹಿಡಿದುಕೊಂಡೇ ಬಸದಿ ಕಟ್ಟೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಮುಂದಿನ ಪಿಚ್ಚರಿಗೆ ಅಂವನ್ನೂ ಕರಿ."