ಹಿಂದಿನ ಸೀಟಿನ ಕೆಳಗೆ ಹೊತ್ತಿದ ಬಲ್ಬು

ಡಯಾಲಿಸಿಸ್‌ಗೆ ಹೊರಡುವ ದಿನ ಅತ್ತೆಯನ್ನು ಕಾರಿನಲ್ಲಿ ಕೂರಿಸುವುದೇ ಒಂದು ದೊಡ್ಡ ಕೆಲಸ. ಬೆನ್ನಿಗೆ ದಿಂಬು, ಕಾಲಡಿಗೆ ಮಡಚಿದ ಚಾದರ, ಕೈಗೆ ಕರ್ಚೀಫು. ಆ ಮಧ್ಯಾಹ್ನ ವಡಾಲದ ನಮ್ಮ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ ಇಷ್ಟೆಲ್ಲ ಆದ ಮೇಲೆ ನನ್ನ ಗಂಡ ಚಾವಿ ತಿರುಗಿಸಿದರು. ಎಂಜಿನ್ ಗರಗರ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

"ಹಿಂದಿನಿಂದ ಸುಂಯ್ ಅಂತ ಒಂದು ಶಬ್ದ ಬರ್ತಿತ್ತಲ್ಲ, ಇವತ್ತು ಬರ್ಲಿಲ್ಲ," ಎಂದೆ. ಲೋಟದೊಳಗೆ ಸಿಕ್ಕಿಬಿದ್ದ ಜೇನುನೊಣದಂಥ ಸದ್ದು ಅದು.

"ಟ್ಯಾಂಕಿಯಿಂದ ಪೆಟ್ರೋಲ್ ತಳ್ಳುವ ಪಂಪು. ಕರೆಂಟ್ ಬರ್ತದಾ ನೋಡ್ಬೇಕು. ಸೀಟಿನ ಅಡಿಯಲ್ಲುಂಟು. ಸ್ವಲ್ಪ ಏಳಮ್ಮ."

"ಎಂತ ಮಾರಾಯ! ಈಗ ಕೂತದ್ದಷ್ಟೆ. ಪಂಪು ಇಡ್ಲಿಕ್ಕೆ ನನ್ನ ಅಡಿಯೇ ಬೇಕಿತ್ತಾ ಅವರಿಗೆ?"

ವಾಚ್‌ಮನ್‌ನ ಕುರ್ಚಿ ತಂದು, ಕಾರಿನ ಬಾಗಿಲ ಪಕ್ಕ ಅತ್ತೆಯನ್ನು ಕೂರಿಸಿದೆ. ಊದಿದ ಪಾದದ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. ಡಯಾಲಿಸಿಸ್ ಸೆಂಟರಿಗೆ ಫೋನ್ ಮಾಡಿದೆ. ತಡವಾದರೆ ಮೆಷೀನು ಮುಂದಿನವರಿಗೆ ಕೊಡುತ್ತೇವೆ ಎಂದರು. ಹೊರಗೆ ಮಳೆ. ಕರೆದ ಟ್ಯಾಕ್ಸಿಗಳೆಲ್ಲ ಒಮ್ಮೆ ಒಪ್ಪಿ, ಆಮೇಲೆ ಕ್ಯಾನ್ಸಲ್.

ಇವರು ಸೀಟು ಎತ್ತಿ, ಕೆಳಗಿನ ಮುಚ್ಚಳ ತೆಗೆದು, ಪಂಪಿನ ಪ್ಲಗ್ಗು ಬಿಡಿಸಿದರು. ಒಂದು ಪುಟ್ಟ ಬಲ್ಬಿಗೆ ಎರಡು ವಯರು. ಒಂದನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿದರು, ಇನ್ನೊಂದನ್ನು ಪ್ಲಗ್ಗಿನೊಳಗೆ ಚುಚ್ಚಿ ಹಿಡಿದರು. ನಾನು ಮುಂದೆ ಕೂತೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆ ತಾನಾಗಿಯೇ ತುಟಿಗೆ ಬಂತು.

"ಹ್ಞೂಂ, ತಿರುಗಿಸು."

ಬಲ್ಬು ಹಳದಿಯಾಗಿ ಹೊತ್ತಿ, ಒಂದೆರಡು ಕ್ಷಣ, ದಿನವೂ ಆ ಸುಂಯ್ ಶಬ್ದ ಇರುತ್ತಿದ್ದಷ್ಟೇ ಹೊತ್ತು, ನಿಂತು ಆರಿತು. ಸಂಜೆ ದೇವರ ದೀಪಕ್ಕೂ ಟ್ಯೂಬ್‌ಲೈಟಿಗೂ ಒಂದೇ ಭಕ್ತಿಯಿಂದ ಕೈಮುಗಿಯುವ ಅತ್ತೆ, ಕುರ್ಚಿಯಲ್ಲೇ ಕೈಮುಗಿದರು. ಕನ್ನಡಿಯಲ್ಲಿ ಅದನ್ನು ನೋಡಿ ನಾನೂ ಮುಗಿದೆ.

"ಬಂತಲ್ಲ ಬೆಳಕು! ಇನ್ನು ಹೊರಡುವ," ಎಂದರು ಅತ್ತೆ.

ಇವರು ಬದಲಿಸಲೆಂದು ತೆಗೆದಿಟ್ಟುಕೊಂಡಿದ್ದ ಹೊಸ ಫ್ಯೂಸನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡರು.

"ಬರಬಾರದಿತ್ತು ಮಾರಾಯ್ತಿ. ಕರೆಂಟ್ ಬಾರದಿದ್ರೆ ಫ್ಯೂಸ್ ಹಾಕಿ ಹೋಗ್ಬಹುದಿತ್ತು. ಕರೆಂಟುಂಟು, ಪಂಪು ತಿರುಗುದಿಲ್ಲ ಅಂದ್ರೆ ಪಂಪೇ ಹೋಗಿದೆ. ಗ್ಯಾರೇಜಿನವನು ನಾಳೆಯೇ ಬರುದು."

"ಇನ್ನೊಮ್ಮೆ ತಿರುಗಿಸ್ಲಾ?" ಎಂದೆ. ತಿರುಗಿಸಿದೆ. ಬಲ್ಬು ಮತ್ತೆ ಚೆನ್ನಾಗಿಯೇ ಹೊತ್ತಿತು.

ಕೊನೆಗೊಂದು ಟ್ಯಾಕ್ಸಿ ಗೇಟಿನೊಳಗೆ ಬರುವಷ್ಟರಲ್ಲಿ ಸೆಂಟರಿನ ಫೋನೂ ಬಂತು. ಮೆಷೀನು ಕೊಟ್ಟಾಯಿತು, ಬೆಳಿಗ್ಗೆ ಬನ್ನಿ.

ಸಂಜೆ ಕೋಣೆಯ ಲೈಟು ಹಾಕಿದೆ. ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದ ಅತ್ತೆ ಕೈಮುಗಿದರು.

"ಒಂದು ಲೋಟ ನೀರು ಕೊಡ್ತೀಯಾ ಮಗಾ?"

ಡಯಾಲಿಸಿಸ್ ಆಗದೆ ಮೈಯಲ್ಲಿ ನಿಂತ ನೀರೇ ಹೊರಗೆ ಹೋಗಿಲ್ಲ. ಮತ್ತೆ ಹೇಗೆ ಕೊಡಲಿ? ಕರ್ಚೀಫಿನ ತುದಿ ಅದ್ದಿ ತುಟಿಗೆ ಒತ್ತಿದೆ.

"ಇಷ್ಟೇಯಾ?"

"ಬೆಳಿಗ್ಗೆ ತನಕ ಇಷ್ಟೇ ಅತ್ತೆ."

ಅವರು ಕರ್ಚೀಫಿನ ತುದಿಯನ್ನು ತುಟಿಗಳ ನಡುವೆಯೇ ಹಿಡಿದುಕೊಂಡರು. ನಾನು ಎಳೆದುಕೊಳ್ಳಲಿಲ್ಲ.