ಜಪಾನಿಗೆ ಮುಖ, ಕೆಂಗೇರಿಗೆ ಬೆನ್ನು

ನನಗೆ ಮೋರ್ಸ್ ಸಂಕೇತ ಕಲಿಸಿದವರು ರಾಜಾಜಿನಗರದ ನಮ್ಮ ಬೀದಿಯಲ್ಲೇ ಇದ್ದರು. ತಂತಿ ಕಚೇರಿಯಿಂದ ನಿವೃತ್ತರಾದವರು, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಲಿಸಿದ್ದು ನನಗೊಬ್ಬಳಿಗೇ, ಹಾಗಾಗಿ ನನ್ನ ಪಾಲಿಗೆ ಅವರು ಮೇಷ್ಟ್ರು. ಊಟದ ಮೇಜಿನ ಮೇಲೆ ಸಂಕೇತ ಕುಟ್ಟುವ ಹಿತ್ತಾಳೆಯ ಕೀ ಇಟ್ಟು, ಚುಕ್ಕೆ ಗೆರೆಗಳನ್ನು ಕಿವಿಯಿಂದ ಕಲಿಯಬೇಕು, ಕಣ್ಣಿಂದಲ್ಲ ಅನ್ನುತ್ತಿದ್ದರು. ನಾನು ಪರೀಕ್ಷೆ ಪಾಸಾಗಿ ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದಾಗ ನನಗಿಂತ ಹೆಚ್ಚು ಬೀಗಿದ್ದು ಅವರೇ.

ಆಮೇಲೆ ಅವರು ಕೆಂಗೇರಿಯಲ್ಲಿದ್ದ ಮಗಳ ಮನೆಗೆ ಹೋದರು. ಬಿಸ್ಕತ್ತಿನ ಡಬ್ಬಿಯೊಳಗೆ ತಾವೇ ಕಟ್ಟಿದ ರೇಡಿಯೋ, ಹಿತ್ತಲ ನುಗ್ಗೆ ಮರಕ್ಕೆ ಬಿಗಿದ ಒಂದು ತಂತಿ, ಇಷ್ಟೇ ಅವರ ಸ್ಟೇಷನ್. ಅದರ ಶಕ್ತಿ ಸೈಕಲ್ಲಿನ ದೀಪ ಉರಿಸುವುದಕ್ಕೆ ಸಾಕಾಗುವಷ್ಟು.

ನಾನು ಹಾಗೆ ತೃಪ್ತಿಪಡುವ ಪೈಕಿ ಅಲ್ಲ. ಬಸವೇಶ್ವರನಗರದ ಶಾಲೆಯಲ್ಲಿ ಗಣಿತದ ಟೀಚರ್ ಆದಮೇಲೆ ದೊಡ್ಡ ಆಂಪ್ಲಿಫೈಯರ್ ತಂದೆ, ತಾರಸಿಯ ಮೇಲೆ ಬೇಕಾದ ದಿಕ್ಕಿಗೆ ತಿರುಗುವ ಆಂಟೆನಾ ನಿಲ್ಲಿಸಿದೆ. ಹಪ್ಪಳ ಒಣಗಿಸುವುದಕ್ಕೆ ಜಾಗ ಹೋಯಿತೆಂದು ಅಮ್ಮ ವಾರಗಟ್ಟಲೆ ಗೊಣಗಿದರು. ನೋಡಲೆಂದು ಬಂದ ಮೇಷ್ಟ್ರು ಕಾಫಿ ಕುಡಿಯುತ್ತಾ, ಇಂಥ ಸ್ಟೇಷನ್ನಿಗೆ ನಮ್ಮವರು ಮೊಸಳೆ ಅಂತಾರೆ, ಬಾಯಿ ದೊಡ್ಡದು ಕಿವಿ ಇಲ್ಲ ಎಂದು ತಮಾಷೆ ಮಾಡಿದರು. ನನ್ನ ಮೂಗಿನ ತುದಿಯಲ್ಲಿ ಸದಾ ಕೋಪ. ನಿಮ್ಮ ಡಬ್ಬಿ ಯಾರಿಗೂ ಕೇಳಿಸಲ್ಲ, ಅದಕ್ಕೇ ಹೊಟ್ಟೆಕಿಚ್ಚು ಅಂದುಬಿಟ್ಟೆ. ಅವರು ನಕ್ಕು, ಲೋಟ ಕೆಳಗಿಟ್ಟು ಹೊರಟರು. ಆಮೇಲೆ ಏಳು ತಿಂಗಳು ನಾನು ಕೆಂಗೇರಿಯ ಬಸ್ಸು ಹತ್ತಲಿಲ್ಲ.

ಆ ಚಳಿಗಾಲದಲ್ಲಿ ಎರಡು ದಿನದ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಿತ್ತು. ಎಷ್ಟು ದೂರದ, ಎಷ್ಟು ಜನರ ಜತೆ ಸಂಪರ್ಕ ಮಾಡುತ್ತೇವೋ ಅಷ್ಟು ಅಂಕ. ನಮ್ಮದೇ ದೇಶದವರು ಸಿಕ್ಕರೆ ಸೊನ್ನೆ. ಭಾನುವಾರ ಮಧ್ಯಾಹ್ನ ನನ್ನ ಆಂಟೆನಾದ ಮುಖ ಈಶಾನ್ಯಕ್ಕೆ, ಜಪಾನಿನ ಕಡೆಗಿತ್ತು. ಕೆಂಗೇರಿ ಸರಿಯಾಗಿ ಅದರ ಬೆನ್ನಿಗೆ. ಜಪಾನಿನವರು ಒಬ್ಬರ ಮೇಲೊಬ್ಬರು ಬಿದ್ದು ನನ್ನನ್ನು ಕರೆಯುತ್ತಿದ್ದರು. ಸಾಲದ್ದಕ್ಕೆ ಹಿಂದಿನ ರಸ್ತೆಯ ಲೇತ್ ಅಂಗಡಿ ಅವತ್ತೂ ತೆರೆದಿತ್ತು, ಅದರ ಕರಕರ ರೇಡಿಯೋದೊಳಕ್ಕೂ ನುಗ್ಗುತ್ತಿತ್ತು. ಆ ಗದ್ದಲದ ತಳದಲ್ಲಿ ಎರಡೇ ಅಕ್ಷರ ಕೇಳಿಸಿತು. ಭಾರತದ ಸ್ಟೇಷನ್ನುಗಳ ಹೆಸರು ಶುರುವಾಗುವ ಅಕ್ಷರಗಳು. ಕೊನೆಯ ಗೆರೆಯನ್ನು ಒಂದಿಷ್ಟು ಎಳೆದು ಬಿಡುವ ಕೈ.

ಆ ಕೈ ನನಗೆ ಗೊತ್ತಿತ್ತು, ಮೇಷ್ಟ್ರದು. ಗೊತ್ತಿದ್ದೂ ಜಪಾನಿನ ಮುಂದಿನವನಿಗೆ ಉತ್ತರ ಕೊಟ್ಟೆ. ಐದು ನಿಮಿಷ ಬಿಟ್ಟು ಮತ್ತೆ ಬಂತು. ಆಮೇಲೂ ಎರಡು ಸಲ. ಒಂದು ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ, ಆಂಟೆನಾ ತಿರುಗಿಸಿದ್ದರೆ ಆಗುತ್ತಿತ್ತು. ಸ್ಪರ್ಧೆ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡೆ. ಆ ಒಂದು ನಿಮಿಷವನ್ನು ನಾನು ಎಷ್ಟು ಸಲ ವಾಪಸ್ ಕೇಳಿದ್ದೇನೋ. ಈಗಲೂ ರೇಡಿಯೋದ ಗದ್ದಲದ ಬ್ಯಾಂಡಿಗೆ ಹೋದರೆ ಜಪಾನನ್ನು ದಾಟಿ ಆ ಎಳೆದ ಗೆರೆಯನ್ನೇ ಹುಡುಕುತ್ತೇನೆ.

ಎರಡು ವಾರ ಕಳೆದು ಕೊನೆಗೂ ಕೆಂಗೇರಿಗೆ ಹೋದೆ. ಜ್ಞಾನಭಾರತಿ ಗೇಟು ದಾಟುವವರೆಗೂ ಬಸ್ಸಿನಲ್ಲಿ ಸುಳ್ಳನ್ನು ಗಟ್ಟಿ ಮಾಡಿಕೊಂಡೆ. ಮೇಷ್ಟ್ರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕುಶಲ ಕೇಳುವ ಮೊದಲೇ ನಾನು ಶುರು ಮಾಡಿದೆ.

"ಅವತ್ತು ಸ್ಪರ್ಧೇಲಿ ನೀವೇನಾದ್ರೂ ಕರೆದಿದ್ರೆ ನಂಗೆ ಕೇಳಿಸ್ಲಿಲ್ಲ ಸಾರ್. ಗದ್ದಲ ಇತ್ತು."

ಅವರು ಕಿವಿಯ ಹಿಂದೆ ಕೈ ಹಿಡಿದರು. ಇನ್ನೊಂದು ಸಲ, ಜೋರಾಗಿ ಹೇಳಿದೆ. ಆ ಸುಳ್ಳನ್ನು ಎರಡೆರಡು ಸಲ ಹೇಳಬೇಕಾಯಿತು.

"ನಂಗೂ ಕೇಳಿಸಲ್ಲ ಕಣಮ್ಮ ಈಗ," ಅಂದರು. "ಮಳೆಗಾಲದಿಂದ ಕಿವಿ ಹೋಗ್ತಾ ಇದೆ. ರೇಡಿಯೋದಲ್ಲಿ ಉಳಿದೋರೆಲ್ಲಾ ಒಬ್ಬೊಬ್ರೇ ಮಾಯ ಆದ್ರು. ನಿನ್ನ ಸ್ಟೇಷನ್ ಒಂದು ಮಾತ್ರ ಕೇಳಿಸುತ್ತೆ. ಅದಕ್ಕೇ ಕರೆದೆ."

ಅವರೆಕಾಯಿ ಬುಟ್ಟಿ ನನ್ನ ಕಡೆಗೆ ಎಳೆದುಕೊಂಡು ತಲೆ ತಗ್ಗಿಸಿ ಸುಲಿಯುತ್ತಾ ಕೂತೆ. ನರದ ತೊಂದರೆ, ಕಿವಿಗೆ ಹಾಕುವ ಮೆಷಿನ್ನಿನಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದಾರೆಂದು ಅವರ ಮಗಳು ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ತಿಳಿಸಿದರು. ಹೊರಡುವಾಗ ಮೇಷ್ಟ್ರಿಗೆ ಚೀಟಿಯಲ್ಲಿ ಬರೆದುಕೊಟ್ಟೆ: ಭಾನುವಾರ ಸಂಜೆ ನಾಲ್ಕಕ್ಕೆ ನಾನೇ ಕರೆಯುತ್ತೇನೆ, ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ. ಅವರು ಚೀಟಿಯನ್ನು ಮಡಿಸಿ ಶರಟಿನ ಜೇಬಿಗೆ ಹಾಕಿಕೊಂಡರು.

ಆ ಭಾನುವಾರ ಶಾಲೆಯ ವಾರ್ಷಿಕೋತ್ಸವ ಬಂತು. ಅದರ ಮುಂದಿನ ವಾರ ಅಮ್ಮನಿಗೆ ಜ್ವರ. ಆಮೇಲೆ ಪರೀಕ್ಷೆ, ಮೌಲ್ಯಮಾಪನ. ನೆಪಗಳೆಲ್ಲ ನಿಜವಾದವೇ, ಆದರೆ ನಡುವೆ ಇನ್ನೊಂದು ಸ್ಪರ್ಧೆಗೆ ಮಾತ್ರ ನನಗೆ ಸಮಯ ಸಿಕ್ಕಿತ್ತು. ಪ್ರತಿ ಸಲವೂ ಫೋನ್ ಮಾಡಿ ಮುಂದಿನ ವಾರ ಎಂದು ಅವರ ಮಗಳಿಗೆ ಹೇಳುತ್ತಿದ್ದೆ. ಹೀಗೆ ಮೂರು ತಿಂಗಳು ಕಳೆಯಿತು.

ಕೊನೆಗೆ ಬೇಸಿಗೆಯ ಒಂದು ಭಾನುವಾರ, ಈ ವಾರ ಖಂಡಿತ ಎಂದು ಮೊದಲೇ ಫೋನ್ ಮಾಡಿ, ಸಂಜೆ ನಾಲ್ಕಕ್ಕೆ ಕೂತೆ. ಆಂಟೆನಾವನ್ನು ಕೆಂಗೇರಿಯ ಕಡೆ ತಿರುಗಿಸಿದೆ. ಆಂಪ್ಲಿಫೈಯರ್ ಪೂರ್ತಿ ಏರಿಸಿದೆ. ಲೇತ್ ಅಂಗಡಿಗೆ ಬಾಗಿಲು ಹಾಕಿತ್ತು, ಬ್ಯಾಂಡು ಅಷ್ಟು ಶುಭ್ರವಾಗಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವರನ್ನು ನಿಧಾನವಾಗಿ ಕರೆದೆ, ನಿಲ್ಲಿಸಿ ಕಿವಿಗೊಟ್ಟೆ, ಮತ್ತೆ ಕರೆದೆ. ಆ ಎಳೆದ ಗೆರೆ ಬರಲಿಲ್ಲ. ಜಪಾನಿನವನೊಬ್ಬ ನನ್ನನ್ನು ಕೂಗಿದ, ಉತ್ತರ ಕೊಡಲಿಲ್ಲ. ಹೀಗೆ ಇಪ್ಪತ್ತು ನಿಮಿಷ ಕರೆದಿರಬೇಕು.

ಫೋನ್ ಬಡಿದುಕೊಂಡಿತು. ಮೇಷ್ಟ್ರ ಮಗಳು.

"ಅಪ್ಪ ಮೂರೂವರೆಯಿಂದ ಹೆಡ್‌ಫೋನ್ ಹಾಕ್ಕೊಂಡು ರೇಡಿಯೋ ಮುಂದೆ ಕೂತಿದಾರೆ. ನೀವು ಶುರು ಮಾಡಿದ್ರಾ ಅಂತ ಕೇಳ್ತಿದಾರೆ."

ನನ್ನ ಬಲಗೈ ಇನ್ನೂ ಕೀ ಮೇಲೇ ಇತ್ತು.

"ಇಲ್ಲ ಅಕ್ಕ," ಅಂದೆ. "ಇಲ್ಲಿ ಕರೆಂಟ್ ಹೋಗಿದೆ ಅಂತ ಬರೆದು ತೋರಿಸಿ."