ನಲವತ್ತೊಂದು ತಪ್ಪು

ತಪ್ಪು ಹುಡುಕುವುದರಲ್ಲಿ ಒಂದು ಸೂಕ್ಷ್ಮವಾದ ಸುಖವಿದೆ. ಮದುವೆಯ ಆಮಂತ್ರಣ ಕೈಗೆ ಬಂದೊಡನೆ ಮುಹೂರ್ತ ನೋಡುವ ಮೊದಲೇ ಒತ್ತಕ್ಷರದ ದೋಷ ಅರಸುವ ಮಹಾನುಭಾವರಲ್ಲಿ ನಾನೂ ಒಬ್ಬ. ನನ್ನಂಥ ಗಣಿತದ ಮೇಷ್ಟರಿಗೆ ಇದು ಸದ್ಗುಣವೆಂದೇ ಬಹುಕಾಲ ನಂಬಿದ್ದೆ. ಆ ನಂಬಿಕೆ ಕಳಚಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಚನ್ನಗಿರಿಯ ನಮ್ಮ ಕಾಲೇಜಿಗೆ ಒಂದೇ ಒಂದು ಕಂಪ್ಯೂಟರ್ ಬಂದು, ಭೌತಶಾಸ್ತ್ರ ಕಲಿಸುತ್ತಿದ್ದ ಜಗಳೂರಿನ ನಾಗಪ್ಪನವರೂ ನಾನೂ ಅದರ ಮುಂದೆ ಮನೆಮಠ ಮರೆತು ಕೂತಿದ್ದ ದಿನಗಳಲ್ಲಿ.

ಸಿ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವಂತೆ ಮಾಡಿಕೊಡುವ ದುಭಾಷಿಗೆ ಕಂಪೈಲರ್ ಎನ್ನುತ್ತಾರೆ. ನಾವು ಕಟ್ಟುತ್ತಿದ್ದದ್ದು ಅದರ ಮುಂಭಾಗವನ್ನು ಮಾತ್ರ: ಬರೆದದ್ದನ್ನು ಪದಪದವಾಗಿ ಬಿಡಿಸಿ ಓದಿ, ವ್ಯಾಕರಣ ತಪ್ಪಿದ್ದರೆ ಹೇಳುವ ಭಾಗ. ನಾವು ಬರೆದ ಪ್ರೋಗ್ರಾಮಿನ ಮೂಲ ಬರಹವನ್ನೂ ಜೊತೆಗಿಟ್ಟು ಕೇಳಿದವರಿಗೆಲ್ಲ ಫ್ಲಾಪಿಯಲ್ಲಿ ಸುಮ್ಮನೆ ಕೊಡಬೇಕು, ಬೇಕಾದವರು ತಿದ್ದಿಕೊಳ್ಳಲಿ ಎಂಬುದು ನಾಗಪ್ಪನವರ ಹಟ. ಕೇಳುವವರೇ ಇರಲಿಲ್ಲವೆಂಬುದು ಬೇರೆ ಮಾತು.

ಮೊದಲು ಕೇಳಿಕೊಂಡು ಬಂದವರು ಸರೋಜಮ್ಮ, ನ್ಯಾಮತಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ, ನಲವತ್ತು ದಾಟಿದ ಹೆಂಗಸು. "ಟೈಪ್ ಮಿಷೀನ್ ಕಾಲ ಮುಗೀತೈತೆ ಅಂತಾರೆ ಸಾರ್, ಇದನ್ನೂ ಕಲಿಯಾಕೆ ಬಂದೀನಿ" ಎಂದು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಪ್ರತಿ ಭಾನುವಾರ ಬರುತ್ತಿದ್ದರು. ಮೂರು ತಿಂಗಳು ಕಲಿತು, ಒಂದು ದಿನ ತಾವೇ ಹಾಳೆಯ ಮೇಲೆ ಬರೆದ ಮೊದಲ ಪ್ರೋಗ್ರಾಂ ತಂದು ಟೈಪ್ ಮಾಡಿದರು. ನಮ್ಮ ಕಂಪೈಲರಿನ ಮುಂಭಾಗ ಅದನ್ನು ಓದಿತು. ಪರದೆಯ ತುಂಬ ತಪ್ಪುಗಳು ಸಾಲುಸಾಲಾಗಿ ಮೇಲೇರಿದವು. "ನಲವತ್ತೊಂದು ಹಿಡೀತು ನೋಡ್ರಿ ನಾಗಪ್ಪ!" ಎಂದು ನಾನು ಕುಣಿದಾಡಿದೆ. ತಿರುಗಿ ನೋಡಿದರೆ ಸರೋಜಮ್ಮ ಹಾಳೆ ಮಡಚಿ ಚೀಲಕ್ಕಿಟ್ಟುಕೊಂಡು ಬಾಗಿಲು ದಾಟಿದ್ದರು.

ನಾಗಪ್ಪನವರು ಬಗ್ಗಿ ಪರದೆ ನೋಡಿದರು. "ಇರೋದು ಒಂದೇ ತಪ್ಪು ಕಣ್ರೀ. ಮೂರನೇ ಸಾಲಿನಾಗೆ, ವಾಕ್ಯ ಮುಗಿಸೋ ಸೆಮಿಕೋಲನ್ ಬಿಟ್ಟಾರೆ. ಅಲ್ಲಿಂದ ಮುಂದೆ ದಾರಿ ತಪ್ಪಿ, ಸರಿ ಇದ್ದದ್ದನ್ನೂ ತಪ್ಪು ಅಂದಿರೋದು ನಮ್ದು."

ಎರಡು ಭಾನುವಾರ ಸರೋಜಮ್ಮ ಬರಲಿಲ್ಲ. ಮೂರನೆಯದಕ್ಕೆ ಮೂಲ ಬರಹದ ಅಚ್ಚುಹಾಳೆಗಳ ಕಂತೆಯನ್ನು ಕಂಕುಳಲ್ಲಿಟ್ಟುಕೊಂಡು ನಾನೇ ನ್ಯಾಮತಿಗೆ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಕ್ಷಮಾಪಣೆಯ ಭಾಷಣವೆಲ್ಲ ಮರೆತು, "ನಿಮ್ಮದು ಒಂದೇ ತಪ್ಪು, ಉಳಿದ ನಲವತ್ತು ನಮ್ಮವು" ಎಂದಷ್ಟೇ ಹೇಳಿದೆ.

ಅವರು ಟೈಪ್ ಮಿಷೀನಿನ ಮೇಲೆ ಹೊದಿಕೆ ಎಳೆದರು. "ಅವತ್ತು ಬಸ್ಸಿನಾಗೆ ಅಳು ಬಂತು ಸಾರ್. ಈ ವಯಸ್ಸಿನಾಗೆ ನನಗ್ಯಾಕೆ ಬೇಕಿತ್ತು ಅನ್ನಿಸ್ತು. ನನ್ನ ಹುಡುಗ್ಯಾರಿಗೆ ನಾನು ಮೊದಲನೇ ತಪ್ಪಿಗೆ ಪೆನ್ಸಿಲ್ ಸುತ್ತಿ, ಇದೊಂದು ನೋಡವ್ವ ಅಂತೀನಿ. ಉಳಿದಿದ್ದು ಆಮೇಲೆ." ಆಮೇಲೆ ಕೈಚಾಚಿ ಕಂತೆಯನ್ನು ಇಸಿದುಕೊಂಡರು.

ಒಂದು ತಪ್ಪು ಕಂಡರೆ ಅಲ್ಲೇ ನಿಂತು, ಸಾವರಿಸಿಕೊಂಡು, ಮುಂದಿನ ಸಾಲನ್ನು ಹೊಸ ಮನಸ್ಸಿನಿಂದ ಓದುವುದನ್ನು ಯಂತ್ರಕ್ಕೆ ಕಲಿಸಲು ನಮಗೆ ಒಂದು ತಿಂಗಳು ಹಿಡಿಯಿತು. ನನಗೆ ಕಲಿಯಲು ಇನ್ನೂ ಹೆಚ್ಚು ಕಾಲ ಹಿಡಿದಿದೆಯೆಂದು ಮನೆಯವರ ಅಂಬೋಣ. ಆ ಕೆಲಸ ಮುಗಿದ ಭಾನುವಾರ ಸರೋಜಮ್ಮ ಕಂತೆಯೊಡನೆ ಬಂದರು. ತಪ್ಪು ಕಂಡಾಗ ಪರದೆಗೆ ಬರಲೆಂದು ನಾವು ಅದರಲ್ಲಿ ಬರೆದಿದ್ದ ಗದರಿಕೆಗಳನ್ನೆಲ್ಲ ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಮ್ಮ ಮಾತು ಬರೆದಿದ್ದರು.

"ಬೇಕಾದೋರು ತಿದ್ದಬೌದು ಅಂದಿದ್ರಲ್ಲ?" ಎಂದು ನಾಗಪ್ಪನವರನ್ನು ಕೇಳಿ, ಉತ್ತರಕ್ಕೆ ಕಾಯದೆ ಕೂತು, ಕೀಲಿಗಳ ಕಡೆ ನೋಡದೆಯೇ ಎಲ್ಲವನ್ನೂ ಟೈಪ್ ಮಾಡಿದರು. ಆ ಯಂತ್ರಕ್ಕೆ ಕನ್ನಡದ ಅಕ್ಷರ ಬಾರದು. ಇಂಗ್ಲಿಷ್ ಲಿಪಿಯಲ್ಲೇ ಕನ್ನಡ. ಮುಗಿಸಿ, ತಮ್ಮ ಹಳೆಯ ಪ್ರೋಗ್ರಾಮನ್ನೇ ಮತ್ತೆ ಓದಿಸಿದರು. ಪರದೆಯ ಮೇಲೆ ಮೂರನೆಯ ಸಾಲು, ಅದರಡಿ ಪುಟ್ಟ ಬಾಣ, ಪಕ್ಕದಲ್ಲಿ ಒಂದೇ ಮಾತು: "ಇಲ್ಲೊಂದು ಸೆಮಿಕೋಲನ್ ಬಿಟ್ಟಂಗೈತೆ, ನೋಡ್ರಿ."

"ಹೌದು, ಬಿಟ್ಟೀನಿ" ಎಂದು ಸರೋಜಮ್ಮ ನಕ್ಕರು. ಟೈಪಿಂಗಿಗೆ ಬಂದವರಿಗೆಲ್ಲ ಮೊದಲ ದಿನವೇ ತಾವು ಕಲಿಸುತ್ತಿದ್ದ ಆ ಸೆಮಿಕೋಲನ್ ಕೀಲಿಯನ್ನು ಬಲಗೈಯ ಕಿರುಬೆರಳಿನಿಂದ ಮೆಲ್ಲಗೆ ಒತ್ತಿದರು.